ದುಡ್ಡು ಕಟ್ಟಿದ್ದೀವಿ, ಆದ್ರೂ ‘ಆ್ಯಕ್ಟಿವ್ ಅಲ್ಲ’: ಒಂದು ರಶೀದಿಯ ಚರಿತ್ರೆ

ಮಡಿಕೇರಿಯಿಂದ ಮಾತಾಡ್ತಿದ್ದೀನಿ. ಹೊರಗೆ ಮಳೆ, ನೆಟ್‌ವರ್ಕ್ ಎರಡು ಕಡ್ಡಿ. ಹಾಗಾಗಿ ರೆಕಾರ್ಡಿಂಗ್ ಮುಗಿದರೂ ಅಪ್‌ಲೋಡ್ ಯಾವಾಗ ಆಗುತ್ತೋ ಗೊತ್ತಿಲ್ಲ.

ಇವತ್ತಿನ ವಿಷಯ ನಿಮ್ಮಲ್ಲಿ ಬಹಳ ಜನರ ಫೋನಿನಲ್ಲಿ ಒಮ್ಮೆಯಾದರೂ ಕಾಣಿಸಿಕೊಂಡ ಒಂದು ಸಾಲು. ‘ನಿಮ್ಮ ಸಬ್‌ಸ್ಕ್ರಿಪ್ಷನ್ ಆ್ಯಕ್ಟಿವ್ ಆಗಿಲ್ಲ.’ ಬ್ಯಾಂಕಿನಿಂದ ದುಡ್ಡು ಕಟ್ ಆದ ಮೆಸೇಜ್ ಬಂದಿರುತ್ತೆ. ಯುಪಿಐ ಆ್ಯಪಿನಲ್ಲಿ ಹಸಿರು ಟಿಕ್ ಇರುತ್ತೆ. ಆದ್ರೆ ಯಾವುದಕ್ಕೆ ದುಡ್ಡು ಕಟ್ಟಿದ್ರೋ ಆ ಸಾಫ್ಟ್‌ವೇರ್ ಮಾತ್ರ ‘ಪ್ಲಾನ್ ಆರಿಸಿಕೊಳ್ಳಿ’ ಅಂತ ಮತ್ತೆ ಅದೇ ಪರದೆ ತೋರಿಸ್ತಾ ಕೂತಿರುತ್ತೆ.

ಇತಿಹಾಸದ ಪಾಡ್‌ಕಾಸ್ಟಿನಲ್ಲಿ ಇದಕ್ಕೇನು ಕೆಲಸ ಅಂತ ಕೇಳಬಹುದು. ಕೆಲಸ ಇದೆ. ಈ ತೊಂದರೆಗೆ ಒಂದು ಹುಟ್ಟಿದ ದಿನ ಇದೆ, ಬೆಳೆದ ದಾರಿ ಇದೆ. ಆ ದಾರಿ ಗೊತ್ತಿದ್ರೆ ತಪ್ಪು ಎಲ್ಲಿ ಆಗಿದೆ ಅಂತ ಹುಡುಕೋದು ಸುಲಭ. ಇನ್ನೊಂದು ಕಾರಣವೂ ಇದೆ. ಕಟ್ಟಬೇಕಾದ್ದನ್ನ ಕಟ್ಟಿಯೂ ‘ನಿಮ್ಮ ಹೆಸರು ಪುಸ್ತಕದಲ್ಲಿಲ್ಲ’ ಅನ್ನಿಸಿಕೊಳ್ಳೋ ಅನುಭವ ಕೊಡಗಿಗೆ ಹೊಸದಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಈ ಸಂಚಿಕೆ ಮಾಡೋಕೆ ಕಾರಣ ಸಿದ್ದಾಪುರದ ಕಡೆಯಿಂದ ಬಂದ ಒಂದು ವಾಯ್ಸ್ ಮೆಸೇಜ್. ಚಿಕ್ಕಪ್ಪನ ಕಾಫಿ ತೋಟದ ಲೆಕ್ಕ ನೋಡಿಕೊಳ್ಳೋ ಹುಡುಗ. ಮೊದಲು ತೋಟದ ರೈಟರ್ ದೊಡ್ಡ ಪುಸ್ತಕದಲ್ಲಿ ಚೆಕ್‌ರೋಲ್ ಬರೀತಿದ್ರು: ಯಾರು ಎಷ್ಟು ದಿನ ಬಂದ್ರು, ಎಷ್ಟು ಕೆ.ಜಿ. ಕೊಯ್ದ್ರು, ಎಷ್ಟು ಅಡ್ವಾನ್ಸ್ ತಗೊಂಡ್ರು. ಈಗ ಅದೆಲ್ಲ ವರ್ಷಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ ಬಳಸೋ ಒಂದು ಸಾಫ್ಟ್‌ವೇರಿನಲ್ಲಿದೆ. ಅವನು ಹೇಳಿದ್ದು ಇಷ್ಟು: ‘ಅಣ್ಣ, ನಿನ್ನೆನೇ ರಿನ್ಯೂ ಮಾಡಿದ್ದೀನಿ. ದುಡ್ಡು ಹೋಗಿದೆ. ಲ್ಯಾಪ್‌ಟಾಪ್ ತೆಗೆದ್ರೆ ಅವಧಿ ಮುಗಿದಿದೆ ಅಂತಿದೆ. ನಾಳೆ ಶನಿವಾರ, ಬಟವಾಡೆ.’

ಅಂದ್ರೆ ಸಂಬಳದ ದುಡ್ಡು ಬ್ಯಾಂಕಿನಿಂದ ತಂದಿಟ್ಟಿದೆ. ಯಾರಿಗೆ ಎಷ್ಟು ಅನ್ನೋ ಲೆಕ್ಕ ಬೀಗ ಹಾಕಿದ ಪರದೆಯ ಹಿಂದಿದೆ. ಆರು ದಿನ ದುಡಿದು ನಾಳೆ ಸಂತೆಗೆ ಹೋಗಬೇಕು ಅಂತ ಕಾದಿರೋರಿಗೆ ‘ಸರ್ವರ್ ಒಪ್ತಾ ಇಲ್ಲ’ ಅಂತ ಹೇಳೋಕಾಗುತ್ತಾ?

ಸರಿ, ಮೊದಲಿಂದ ಶುರು ಮಾಡೋಣ.

ಒಂದು ಕಾಲದಲ್ಲಿ ಸಾಫ್ಟ್‌ವೇರಿಗೆ ಅಂತ ಬೇರೆ ಬೆಲೆಯೇ ಹೆಚ್ಚಾಗಿ ಇರಲಿಲ್ಲ. 1960ರ ದಶಕದಲ್ಲಿ ಐಬಿಎಂ ಕಂಪನಿ ದೊಡ್ಡ ಕಂಪ್ಯೂಟರ್‌ಗಳನ್ನು ಕೊಡುವಾಗ ಪ್ರೋಗ್ರಾಮುಗಳನ್ನೂ ಅದರ ಜೊತೆಗೇ ಕೊಡ್ತಿತ್ತು. 1969ರ ಜೂನ್‌ನಲ್ಲಿ ಅದು ಯಂತ್ರಕ್ಕೊಂದು ಬೆಲೆ, ಕೆಲವು ಸಾಫ್ಟ್‌ವೇರ್ ಮತ್ತು ಸೇವೆಗಳಿಗೆ ಬೇರೆ ಬೆಲೆ ಅಂತ ಘೋಷಿಸಿತು. ಸಾಫ್ಟ್‌ವೇರ್ ಪ್ರತ್ಯೇಕ ಸರಕಾಗಿ ಬೆಳೆಯೋಕೆ ಅದು ದೊಡ್ಡ ತಿರುವು.

ಬೆಲೆ ಬಂದ ಮೇಲೆ ಮುಂದಿನ ಪ್ರಶ್ನೆ: ಕೊಟ್ಟವರು ಯಾರು, ಕೊಡದವರು ಯಾರು? 1976ರ ಫೆಬ್ರವರಿಯಲ್ಲಿ ಇಪ್ಪತ್ತು ವರ್ಷದ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಅನ್ನೋ ಚಿಕ್ಕ ಕಂಪ್ಯೂಟರಿಗೆ ಅವರ ಕಂಪನಿ ಬೇಸಿಕ್ ಭಾಷೆಯ ಪ್ರೋಗ್ರಾಂ ಮಾಡಿತ್ತು. ಆಲ್ಟೇರ್ ಇಟ್ಟುಕೊಂಡವರಲ್ಲಿ ಅದನ್ನ ದುಡ್ಡು ಕೊಟ್ಟು ತಗೊಂಡವರು ಶೇಕಡ 10ಕ್ಕಿಂತ ಕಡಿಮೆ ಅನ್ನೋದು ಅವರ ದೂರು. ಉಳಿದವರು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡಿದ್ದರು. ದುಡ್ಡು ಕೊಟ್ಟವರನ್ನ ಗುರುತಿಸೋ ಬೀಗಗಳೆಲ್ಲ ಹುಟ್ಟಿದ್ದು ಇಂಥ ದೂರಿನಿಂದ. ಒಂದು ಮಾತು ಗಮನಿಸಿ. ಬೀಗ ಮಾಡಿದ್ದು ದುಡ್ಡು ಕೊಡದವರಿಗಾಗಿ. ಆದ್ರೆ ದಿನಾ ಅದನ್ನ ತೆಗೆದು ಹಾಕಬೇಕಾದವರು ದುಡ್ಡು ಕೊಟ್ಟವರು.

ಮೊದಲ ಕಾಲದ ಬೀಗ ಕೈಗೆ ಸಿಗೋ ವಸ್ತುವಾಗಿತ್ತು. ಅದರ ಹೆಸರು ಡಾಂಗಲ್. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಚುಚ್ಚೋ ಜಾಗಕ್ಕೆ ಸಿಕ್ಕಿಸೋ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕೊಂಡಿ. ಅದು ಇದ್ದರೆ ಸಾಫ್ಟ್‌ವೇರ್ ತೆಗೆಯುತ್ತೆ, ಇಲ್ಲದಿದ್ರೆ ಇಲ್ಲ. ಕನ್ನಡದವರಿಗೆ ಇದರ ಪರಿಚಯ ಆಗಿದ್ದು ಡಿಟಿಪಿ ಅಂಗಡಿಗಳಲ್ಲಿ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಚುನಾವಣೆಯ ಕರಪತ್ರ ಮಾಡಿಕೊಡ್ತಿದ್ದ ಅಂಗಡಿಗಳು. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ಶ್ರೀಲಿಪಿ ಅಲ್ಲಿ ಬಹಳ ಬಳಕೆಯಲ್ಲಿತ್ತು, ಅದಕ್ಕೆ ಇಂಥ ಹಾರ್ಡ್‌ವೇರ್ ಲಾಕ್ ಬರ್ತಿತ್ತು. ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇದ್ದು ಒಂದೇ ಡಾಂಗಲ್ ಇದ್ದರೆ, ಅದನ್ನ ಇಲ್ಲಿಂದ ಕಿತ್ತು ಅಲ್ಲಿಗೆ ಚುಚ್ಚಬೇಕು.

ಅದೇ ಹೊತ್ತಿನಲ್ಲಿ ಬೀಗವೇ ಇಲ್ಲದ ಇನ್ನೊಂದು ದಾರಿಯೂ ಕನ್ನಡಕ್ಕೆ ತೆರೀತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಉಚಿತವಾಗಿ. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಅದೂ ಉಚಿತ, ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು. ಎಷ್ಟೋ ಜನ ಮೊದಲ ಸಲ ಕನ್ನಡ ಟೈಪ್ ಮಾಡಿದ್ದು ಯಾರಿಗೂ ಯಾವ ಪುರಾವೆಯನ್ನೂ ತೋರಿಸದೆ.

ಡಾಂಗಲ್ ಬಗ್ಗೆ ಗೊಣಗಾಟ ಬೇಕಾದಷ್ಟು ಇತ್ತು. ಕಳೆದುಹೋದರೆ ಕಥೆ ಮುಗೀತು. ಆದ್ರೆ ಒಂದು ಗುಣ ಇತ್ತು: ಪುರಾವೆ ನಿಮ್ಮ ಮೇಜಿನ ಮೇಲೇ ಇರ್ತಿತ್ತು. ಪುಣೆಯ ಕಂಪನಿಗೆ ರಜೆ ಇದ್ದರೂ, ಫೋನ್ ಲೈನ್ ಬಿದ್ದುಹೋದರೂ, ನಿಮ್ಮ ಅಂಗಡಿಯ ಲಗ್ನಪತ್ರಿಕೆ ನಿಲ್ತಿರಲಿಲ್ಲ.

ಆ ಪುರಾವೆ ಮೇಜು ಬಿಟ್ಟು ಹೊರಗೆ ಹೋಗಿದ್ದು 2001ರ ಹೊತ್ತಿಗೆ. ಆ ವರ್ಷ ಅಕ್ಟೋಬರ್ 25ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿ ಬಿಡುಗಡೆ ಮಾಡಿತು. ಅದಕ್ಕೂ ಮೊದಲು ಡಬ್ಬದ ಮೇಲಿನ ನಂಬರ್ ಹೊಡೆದರೆ ಸಾಕಿತ್ತು, ಆ ನಂಬರ್ ಸರಿಯಾ ಅಂತ ನಿಮ್ಮ ಕಂಪ್ಯೂಟರೇ ನೋಡ್ತಿತ್ತು. ಎಕ್ಸ್‌ಪಿಯಲ್ಲಿ 25 ಅಕ್ಷರಗಳ ಕೀ ಹೊಡೆದ ಮೇಲೂ 30 ದಿನದೊಳಗೆ ಕಂಪನಿಗೆ ತಿಳಿಸಿ ‘ಆ್ಯಕ್ಟಿವೇಟ್’ ಮಾಡಿಸಬೇಕು. ಇಂಟರ್‌ನೆಟ್ ಇಲ್ಲದವರು ಫೋನ್ ಮಾಡಿ, ಪರದೆ ಮೇಲಿನ ಉದ್ದದ ಅಂಕಿಸಾಲನ್ನ ಹೇಳಿ, ಅವರು ಹೇಳೋ ಇನ್ನೊಂದು ಅಂಕಿಸಾಲನ್ನ ಬರಕೊಳ್ಳಬೇಕು. ‘ಆ್ಯಕ್ಟಿವ್’ ಅನ್ನೋ ಪದ ನಮ್ಮೆಲ್ಲರ ಬಾಯಿಗೆ ಬಂದಿದ್ದು ಸುಮಾರು ಆಗಲೇ. ನೀವು ದುಡ್ಡು ಕೊಟ್ಟಿದ್ದೀರಿ ಅನ್ನೋದಕ್ಕೆ ಸಾಕ್ಷಿ ಈಗ ನಿಮ್ಮ ಡಬ್ಬ ಅಲ್ಲ, ದೂರದ ಒಂದು ಕಂಪ್ಯೂಟರಿನ ಪುಸ್ತಕ.

ಆ ಪುಸ್ತಕವೇ ತಪ್ಪಿದರೆ? 2007ರ ಆಗಸ್ಟ್ ಕೊನೆಯಲ್ಲಿ ಅದೂ ಆಯಿತು. ಅಸಲಿ ವಿಂಡೋಸ್ ಯಾವುದು, ನಕಲಿ ಯಾವುದು ಅಂತ ಪರೀಕ್ಷೆ ಮಾಡೋ ಮೈಕ್ರೋಸಾಫ್ಟಿನ ಸರ್ವರ್‌ಗಳಲ್ಲಿ, ಇನ್ನೂ ತಯಾರಾಗದ ಕೋಡನ್ನ ಸಿಬ್ಬಂದಿ ಕೈತಪ್ಪಿ ಹಾಕಿಬಿಟ್ಟಿದ್ದರು. ಸರಿಪಡಿಸೋ ಹೊತ್ತಿಗೆ ಸುಮಾರು 19 ಗಂಟೆ ಕಳೆದಿತ್ತು. ಆ ಹೊತ್ತಿನಲ್ಲಿ ಪರೀಕ್ಷೆಗೆ ಬಂದ, ದುಡ್ಡು ಕೊಟ್ಟು ತಗೊಂಡ ಕಂಪ್ಯೂಟರ್‌ಗಳಿಗೂ ‘ನಕಲಿ’ ಅನ್ನೋ ಹಣೆಪಟ್ಟಿ ಬಿತ್ತು. ಕಂಪನಿ ಕೊಟ್ಟ ಲೆಕ್ಕದ ಪ್ರಕಾರ ಅಂಥವು 12,000ದ ಒಳಗೆ. ವಿಸ್ಟಾ ಇದ್ದವರಿಗೆ ಕೆಲವು ಸೌಲಭ್ಯಗಳು ಬಂದ್ ಆದವು. ಅವರ ಕಡೆಯಿಂದ ಯಾವ ತಪ್ಪೂ ಆಗಿರಲಿಲ್ಲ.

ಅಲ್ಲಿಯವರೆಗೂ ಹೆಚ್ಚಾಗಿ ದುಡ್ಡು ಕೊಡೋದು ಒಂದೇ ಸಲ. 2013ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ, ಫೋಟೋಶಾಪ್ ಥರದ ಸಾಫ್ಟ್‌ವೇರ್‌ಗಳ ಹೊಸ ಆವೃತ್ತಿಗಳನ್ನ ಇನ್ನು ಡಬ್ಬದಲ್ಲಿ ಮಾರೋದಿಲ್ಲ, ತಿಂಗಳ ಅಥವಾ ವರ್ಷದ ಚಂದಾ ಮಾತ್ರ ಅಂತ ಹೇಳಿತು. ಸರಿಯಾಗಿ ಒಂದು ವರ್ಷಕ್ಕೆ, 2014ರ ಮೇ ತಿಂಗಳಲ್ಲಿ, ಅವರ ಲಾಗಿನ್ ವ್ಯವಸ್ಥೆ ಒಂದು ದಿನಕ್ಕೂ ಹೆಚ್ಚು ಹೊತ್ತು ಕೆಟ್ಟು ನಿಂತಿತು. ಡೇಟಾಬೇಸ್ ನಿರ್ವಹಣೆ ಮಾಡುವಾಗ ಆದ ತೊಂದರೆ ಅಂತ ಕಂಪನಿ ಕಾರಣ ಕೊಟ್ಟಿತು. ಚಂದಾ ಕಟ್ಟಿದ್ದ ಎಷ್ಟೋ ಜನ ಪ್ರಪಂಚದಾದ್ಯಂತ ಲಾಗಿನ್ ಆಗಲಾರದೆ ಕೂತರು.

ಈ ನಲವತ್ತು ವರ್ಷದ ಕಥೆಯಲ್ಲಿ ನನಗೆ ಕಾಣೋದು ಒಂದೇ. ನಾವು ಕಟ್ಟಿದ್ದೀವಿ ಅನ್ನೋ ಪುರಾವೆ ಮೆಲ್ಲಗೆ ನಮ್ಮ ಕೈಯಿಂದ ಇನ್ನೊಬ್ಬರ ಪುಸ್ತಕಕ್ಕೆ ಹೋಯಿತು. ಮೊದಲು ಡಬ್ಬ, ಆಮೇಲೆ ಡಾಂಗಲ್, ಆಮೇಲೆ ಕೀ, ಈಗ ಎಲ್ಲೋ ಒಂದು ಸರ್ವರಿನಲ್ಲಿ ನಮ್ಮ ಹೆಸರಿನ ಒಂದು ಸಾಲು. ಚಂದಾ ಅಂದ್ರೆ ಆ ಸಾಲು, ಅಷ್ಟೇ. ದುಡ್ಡು ಕಟ್ಟೋದು ಒಂದು ಘಟನೆ, ಸಾಲು ಬರೆಯೋದು ಇನ್ನೊಂದು ಘಟನೆ. ಎರಡರ ನಡುವೆ ಏನಾದರೂ ತಪ್ಪಿದರೆ ಓಡಾಡಬೇಕಾದವರು ಕಟ್ಟಿದವರೇ.

ಈಗ ಕೊಡಗಿಗೆ ಬರೋಣ. ನಮ್ಮಲ್ಲಿ ಈ ಓಡಾಟದ ಹಳೇ ರೂಪ ಒಂದಿದೆ, ಜಮ್ಮಾ.

ಜಮ್ಮಾ ಅಂದ್ರೆ ವಂಶಪಾರಂಪರ್ಯವಾಗಿ ಬರೋ ಭೂಮಿ. ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಹಿಡುವಳಿದಾರರು ಅರಸನಿಗೆ ಬೇಕಾದಾಗ ಸೇವೆಗೆ ಹೋಗಬೇಕಿತ್ತು. ಅದಕ್ಕೆ ಬದಲಾಗಿ ಅವರ ಗದ್ದೆಯ ಕಂದಾಯ ಸಾಗು ಜಮೀನಿನ ಅರ್ಧ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಬೇಕಲ್ಲ, ಅದಕ್ಕೆ ಗದ್ದೆಯ ಜೊತೆಗೆ ಒಂದಷ್ಟು ಮರಗಾಡು ಸೇರಿರ್ತಿತ್ತು. ಅದೇ ಬಾಣೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ತಗೊಂಡ ಮೇಲೂ ಜಮ್ಮಾ ಉಳೀತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಉಳೀತು.

ಇಲ್ಲಿ ಎರಡು ಗಂಟುಗಳು. ಮೊದಲನೆಯದು, ಬಾಣೆಯ ಮೇಲೆ ಒಕ್ಕದವರಿಗಿರೋದು ಪೂರ್ತಿ ಮಾಲೀಕತ್ವವಾ, ಬರೀ ಅನುಭವಿಸೋ ಹಕ್ಕಾ? ಈ ಪ್ರಶ್ನೆ ಹೈಕೋರ್ಟಿನ ಪೂರ್ಣಪೀಠದ ತನಕ ಹೋಗಿತ್ತು. ಸಾಫ್ಟ್‌ವೇರಿನಲ್ಲೂ ಇದೇ ಗಂಟು ಇದೆ ನೋಡಿ. ನಾವು ‘ಕೊಂಡುಕೊಂಡೆ’ ಅಂತೀವಿ. ಓದದೇ ಒಪ್ಪಿಕೊಂಡ ಕರಾರಿನಲ್ಲಿ ‘ಮಾರಿಲ್ಲ, ಬಳಸೋಕೆ ಲೈಸೆನ್ಸ್ ಕೊಟ್ಟಿದ್ದೀವಿ’ ಅಂತ ಇರುತ್ತೆ.

ಎರಡನೆಯದು ಹೆಸರಿನ ಗಂಟು. ಭೂಮಿ ಇಡೀ ಒಕ್ಕಕ್ಕೆ ಸೇರಿದ್ದು, ಪುಸ್ತಕದಲ್ಲಿ ಇರೋದು ಪಟ್ಟೇದಾರನ ಹೆಸರು. ಆ ಪಟ್ಟೇದಾರ ತೀರಿಹೋಗಿ ತಲೆಮಾರುಗಳೇ ಕಳೆದರೂ ಎಷ್ಟೋ ಕಡೆ ಅದೇ ಹೆಸರು ಮುಂದುವರೀತು. ಉಳುವವರು ಮೊಮ್ಮಕ್ಕಳು, ಮರಿಮಕ್ಕಳು. ಕಂದಾಯ ಕಟ್ಟಿದ ರಶೀದಿ ಅವರ ಕೈಯಲ್ಲಿ. ಆದ್ರೆ ಬ್ಯಾಂಕಿಗೆ ಸಾಲಕ್ಕೆ ಹೋದರೆ, ಪಾಲು ಮಾಡಿಕೊಳ್ಳೋಕೆ ಹೋದರೆ, ಪಹಣಿಯಲ್ಲಿ ನಿಮ್ಮ ಹೆಸರೆಲ್ಲಿ ಅನ್ನೋ ಪ್ರಶ್ನೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ದೊಡ್ಡ ಕೆಲಸ ಅದು, ಪಹಣಿಗಾಗಿ ಕಾಯೋದು ತಪ್ಪಿತು. ಆದ್ರೆ ಪುಸ್ತಕ ಕಂಪ್ಯೂಟರಿಗೆ ಹೋದ ಮಾತ್ರಕ್ಕೆ ಅದರೊಳಗಿನ ಹಳೇ ಹೆಸರು ತಾನಾಗಿ ಬದಲಾಗಲ್ಲ. ಕೊಡಗಿನ ಜಮ್ಮಾ ದಾಖಲೆಗಳನ್ನ ಸರಿಪಡಿಸೋಕೆ ಅಂತಲೇ 2025ರಲ್ಲಿ ವಿಧಾನಸಭೆ ಭೂಕಂದಾಯ ಕಾಯ್ದೆಯ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಡಬೇಕಾಯಿತು.

ಭೂಮಿಯ ಹಕ್ಕು, ಮೊಬೈಲ್ ಆ್ಯಪಿನ ಚಂದಾ ಎರಡೂ ಒಂದೇ ತೂಕದ್ದು ಅಂತ ನಾನು ಹೇಳ್ತಿಲ್ಲ. ಒಂದು ತಲೆಮಾರುಗಳ ಬದುಕು, ಇನ್ನೊಂದು ವರ್ಷದ ಖರ್ಚು. ಆದ್ರೆ ತಪ್ಪು ಆಗೋ ರೀತಿ ಒಂದೇ. ಕಟ್ಟಿದವರು ಒಬ್ಬರು, ಪುಸ್ತಕದಲ್ಲಿರೋ ಹೆಸರು ಇನ್ನೊಂದು.

ಸಿದ್ದಾಪುರದ ಹುಡುಗನ ತೊಂದರೆಯೂ ಅದೇ ಆಗಿತ್ತು. ಅವನು ರಿನ್ಯೂ ಮಾಡಿದ್ದು ಚಿಕ್ಕಪ್ಪನ ಫೋನಿನಿಂದ, ಪ್ಲೇ ಸ್ಟೋರ್ ಮೂಲಕ. ಆ ಫೋನಿನಲ್ಲಿದ್ದದ್ದು ಚಿಕ್ಕಪ್ಪನ ಜಿಮೇಲ್, ಆ್ಯಪಿನೊಳಗೂ ಅದರಿಂದಲೇ ಲಾಗಿನ್ ಆಗಿತ್ತು. ತೋಟದ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿದ್ದು ತೋಟದ ಹೆಸರಿನ ಇನ್ನೊಂದು ಇಮೇಲಿನಿಂದ. ಕಂಪನಿಯ ಪುಸ್ತಕದಲ್ಲಿ ಚಿಕ್ಕಪ್ಪನ ಇಮೇಲಿನ ಮುಂದೆ ‘ಕಟ್ಟಿದ್ದಾರೆ’ ಅಂತ ಇತ್ತು, ತೋಟದ ಇಮೇಲಿನ ಮುಂದೆ ‘ಅವಧಿ ಮುಗಿದಿದೆ’ ಅಂತ ಇತ್ತು. ಎರಡೂ ಸಾಲು ನಿಜವೇ. ಸಹಾಯವಾಣಿಯವರಿಗೆ ಎರಡೂ ಇಮೇಲ್ ಕೊಟ್ಟು, ಚಂದಾವನ್ನ ತೋಟದ ಖಾತೆಗೆ ವರ್ಗಾಯಿಸಿ ಅಂತ ಕೇಳಿದ. ಸೋಮವಾರ ಸರಿಯಾಯಿತು. ಶನಿವಾರದ ಬಟವಾಡೆ? ಹಳೇ ರೈಟರ್ ಕೈಬರಹದಲ್ಲಿ ಒಂದು ನಕಲು ಇಟ್ಟುಕೊಳ್ಳೋ ಅಭ್ಯಾಸ ಬಿಟ್ಟಿರಲಿಲ್ಲ. ಆ ಪುಸ್ತಕ ನೋಡಿ ಕೊಟ್ಟರು.

ಹಾಗಾದ್ರೆ ಚಂದಾ ಕೈಕೊಟ್ಟಾಗ ಹುಡುಕೋದು ಹೇಗೆ? ಯಾವ ಪುಸ್ತಕದಲ್ಲಿ ಯಾವ ಸಾಲು ತಪ್ಪಿದೆ ಅಂತ ಕೇಳಿಕೊಳ್ಳಿ. ಸಾಮಾನ್ಯವಾಗಿ ಮೂರು ಪುಸ್ತಕ ಇರುತ್ತೆ.

ಮೊದಲನೆಯದು ಬ್ಯಾಂಕಿನ ಪುಸ್ತಕ. ದುಡ್ಡು ನಿಜವಾಗಿ ಹೋಗಿ ತಲುಪಿದೆಯಾ, ಇಲ್ಲಾ ನಿಮ್ಮ ಖಾತೆಯಿಂದ ಹೊರಟು ನಡುವೆ ನಿಂತಿದೆಯಾ? ಯುಪಿಐ ವಿವರದಲ್ಲಿ ‘ಪೆಂಡಿಂಗ್’ ಅಂತಿದ್ದರೆ ಇನ್ನೂ ತಲುಪಿಲ್ಲ. ಗಾಬರಿಯಲ್ಲಿ ಎರಡನೇ ಸಲ ಕಟ್ಟಬೇಡಿ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿದೆ. ಯುಪಿಐನಲ್ಲಿ ನಿಮ್ಮ ಖಾತೆಯಿಂದ ದುಡ್ಡು ಕಟ್ ಆಗಿ, ವ್ಯಾಪಾರಿಗೆ ಖಾತ್ರಿ ತಲುಪದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ ವಿವರದಲ್ಲಿ 12 ಅಂಕಿಯ ಒಂದು ಯುಟಿಆರ್ ನಂಬರ್ ಇರುತ್ತೆ. ಅದನ್ನ ಬರೆದಿಟ್ಟುಕೊಳ್ಳಿ. ಹಸಿರು ಟಿಕ್ಕಿನ ಸ್ಕ್ರೀನ್‌ಶಾಟಿಗಿಂತ ಆ ನಂಬರಿಗೆ ಬೆಲೆ ಜಾಸ್ತಿ, ಯಾಕಂದ್ರೆ ಬ್ಯಾಂಕಿನವರು ಅದರಿಂದಲೇ ಹುಡುಕೋದು.

ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ತಿರುವು ಇದೆ, ಇದು ಭಾರತದ್ದೇ ಕಥೆ. 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಕಟ್ ಆಗೋದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ಮೊದಲ ಸಲ ಗ್ರಾಹಕರ ಸ್ಪಷ್ಟ ಒಪ್ಪಿಗೆ ಬೇಕು. ಕಟ್ ಆಗೋ 24 ಗಂಟೆ ಮೊದಲು ತಿಳಿಸಬೇಕು. 5,000 ರೂಪಾಯಿ ಮೀರಿದರೆ ಪ್ರತಿ ಸಲ ಒಟಿಪಿ ಬೇಕು. 2022ರಲ್ಲಿ ಆ ಮಿತಿಯನ್ನ 15,000ಕ್ಕೆ ಏರಿಸಿದರು. ನಿಯಮ ಒಳ್ಳೇದಕ್ಕೇ, ಕೇಳದೇ ದುಡ್ಡು ಕಟ್ ಆಗೋದು ತಪ್ಪಲಿ ಅಂತ. ಆದ್ರೆ ಜಾರಿಯಾದ ಹೊತ್ತಿನಲ್ಲಿ ಹಳೇ ಒಪ್ಪಿಗೆಗಳು ನಡೆಯಲಿಲ್ಲ, ಎಷ್ಟೋ ಜನರ ಚಂದಾ ಸದ್ದಿಲ್ಲದೆ ನಿಂತುಹೋಯಿತು. ಈಗಲೂ ಕಾರ್ಡ್ ಬದಲಾದಾಗ ಹೀಗೇ ಆಗುತ್ತೆ. ಹೊಸ ಕಾರ್ಡ್ ಬಂದರೆ ಒಪ್ಪಿಗೆಯನ್ನೂ ಹೊಸದಾಗಿ ಕೊಡಬೇಕಾ ಅಂತ ನೋಡಿಕೊಳ್ಳಿ.

ಎರಡನೆಯದು ಅಂಗಡಿಯ ಪುಸ್ತಕ, ಅಂದ್ರೆ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್. ಅದರ ಮೂಲಕ ಕಟ್ಟಿದ್ರೆ ಚಂದಾ ಮೊದಲು ದಾಖಲಾಗೋದು ಆ ಫೋನಿನ ಗೂಗಲ್ ಅಥವಾ ಆ್ಯಪಲ್ ಖಾತೆಯ ಹೆಸರಲ್ಲಿ. ಫೋನಿನಲ್ಲಿ ಎರಡು ಜಿಮೇಲ್ ಇರೋರು ಮೊದಲು ನೋಡಬೇಕಾದ್ದೇ ಇದನ್ನ. ಪ್ಲೇ ಸ್ಟೋರಿನ ಒಳಗೆ ‘ಸಬ್‌ಸ್ಕ್ರಿಪ್ಷನ್ಸ್’ ಅನ್ನೋ ಪಟ್ಟಿ ಇದೆ, ಒಂದೊಂದೇ ಜಿಮೇಲ್ ಬದಲಾಯಿಸಿ ನೋಡಿ. ಅಲ್ಲಿ ಹೆಸರು ಇದ್ದು ಆ್ಯಪಿನಲ್ಲಿ ಇಲ್ಲದಿದ್ದರೆ, ಆ್ಯಪಿನ ಸೆಟ್ಟಿಂಗ್ಸಿನಲ್ಲಿ ‘ರಿಸ್ಟೋರ್ ಪರ್ಚೇಸ್’ ಅನ್ನೋ ಬಟನ್ ಹುಡುಕಿ. ಅಂಗಡಿಯ ಪುಸ್ತಕವನ್ನ ಮತ್ತೊಮ್ಮೆ ಓದು ಅಂತ ಆ್ಯಪಿಗೆ ಹೇಳೋದು ಅದರ ಕೆಲಸ. ಗೂಗಲ್ ಪ್ಲೇಯಲ್ಲಿ ಇನ್ನೊಂದು ಏರ್ಪಾಟಿದೆ: ನಿಮ್ಮ ಖರೀದಿಯನ್ನ ಆ್ಯಪಿನವರು ಮೂರು ದಿನದೊಳಗೆ ‘ಬಂತು’ ಅಂತ ಒಪ್ಪಿಕೊಳ್ಳದಿದ್ದರೆ, ಖರೀದಿ ರದ್ದಾಗಿ ದುಡ್ಡು ವಾಪಸ್ ಬರುತ್ತೆ. ‘ಮೊನ್ನೆ ಕಟ್ಟಿದ್ದು ಇವತ್ತು ತಾನಾಗಿ ವಾಪಸ್ ಬಂತು’ ಅಂತ ಆಶ್ಚರ್ಯಪಡೋರಿಗೆ ಇದೇ ಕಾರಣ ಇರಬಹುದು.

ಮೂರನೆಯದು ಸಾಫ್ಟ್‌ವೇರ್ ಕಂಪನಿಯ ಪುಸ್ತಕ. ಇಲ್ಲಿ ಯಾವ ಇಮೇಲ್, ಯಾವ ಪ್ಲಾನ್, ಯಾವ ದಿನಾಂಕದ ತನಕ, ಈ ಮೂರನ್ನ ನೋಡಿ. ಎಷ್ಟೋ ಸಲ ಪುಸ್ತಕದಲ್ಲಿ ಸರಿಯಾಗೇ ಇರುತ್ತೆ, ನಿಮ್ಮ ಯಂತ್ರ ಹಳೇ ಪ್ರತಿಯನ್ನೇ ಹಿಡ್ಕೊಂಡು ಕೂತಿರುತ್ತೆ. ಅದಕ್ಕೇ ಲಾಗ್ ಔಟ್ ಮಾಡಿ ಲಾಗಿನ್ ಮಾಡಿ ಅನ್ನೋದು. ಮಂತ್ರ ಅಲ್ಲ ಅದು, ಹೊಸ ಪ್ರತಿ ತರಿಸಿಕೊಳ್ಳೋ ವಿಧಾನ. ಲ್ಯಾಪ್‌ಟಾಪಿನ ತಾರೀಕು, ಗಡಿಯಾರ ಸರಿ ಇದೆಯಾ ಅಂತಲೂ ನೋಡಿ. ಹಳೇ ಲ್ಯಾಪ್‌ಟಾಪಿನ ಒಳಗಿನ ಪುಟ್ಟ ಬ್ಯಾಟರಿ ಸತ್ತರೆ ಅದರ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತೆ, ಆಗ ಸರ್ವರಿಗೂ ಅದಕ್ಕೂ ಮಾತುಕತೆಯೇ ಸರಿಯಾಗಿ ನಡೆಯಲ್ಲ.

ದಿನಾಂಕದ ಮಾತು ಬಂತಲ್ಲ, ಕೊಡಗಿನದೇ ಒಂದು ಉದಾಹರಣೆ ಹೇಳ್ತೀನಿ. ಕೈಲ್‌ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜೆ ಮಾಡೋದನ್ನ ನೀವೆಲ್ಲ ನೋಡಿದ್ದೀರಿ. ಕೋವಿಯ ಲೈಸೆನ್ಸಿನಿಂದ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ, ಅದರ ಬೇರು 1861ರ ಬ್ರಿಟಿಷ್ ಆದೇಶದಲ್ಲಿದೆ. ಇಷ್ಟು ಹಳೇದು, ಶಾಶ್ವತ ಅಂತ ನಮಗೆಲ್ಲ ಅನ್ಸುತ್ತೆ. ಆದ್ರೆ 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಅದಕ್ಕೊಂದು ಕೊನೆಯ ದಿನ ಇದೆ: 2029ರ ಅಕ್ಟೋಬರ್ 31. ಹಕ್ಕು ಎಷ್ಟೇ ಹಳೇದಿರಲಿ, ಪುಸ್ತಕದಲ್ಲಿ ಎಲ್ಲಿಯ ತನಕ ಅಂತ ಬರೆದಿದೆ ಅನ್ನೋದನ್ನ ಓದಿಕೊಂಡಿರೋದು ಒಳ್ಳೇದು.

ಕೊನೆಗೆ ನಮ್ಮ ಬೆಟ್ಟದ ಸಮಸ್ಯೆ. ಬಹಳಷ್ಟು ಸಾಫ್ಟ್‌ವೇರ್‌ಗಳು ಆಗಾಗ ಸರ್ವರಿಗೆ ಹೋಗಿ ‘ಇವರು ಕಟ್ಟಿದ್ದಾರಾ’ ಅಂತ ಕೇಳಿಕೊಂಡು ಬರ್ತವೆ. ಮೈಕ್ರೋಸಾಫ್ಟ್ 365 ಸುಮಾರು ತಿಂಗಳಿಗೊಮ್ಮೆ ಹೀಗೆ ಕೇಳುತ್ತೆ. ಅಡೋಬಿಯ ಚಂದಾದಾರರಿಗೂ ಒಂದಷ್ಟು ದಿನ ಮಾತ್ರ ಆಫ್‌ಲೈನ್ ಇರೋ ಅವಕಾಶ ಇದೆ. ನಗರದಲ್ಲಿ ಕೂತವರಿಗೆ ಈ ಕೇಳೋದು ಗೊತ್ತೇ ಆಗಲ್ಲ. ಆದ್ರೆ 2018ರ ಆಗಸ್ಟ್ ನೆನಪಿಸಿಕೊಳ್ಳಿ. ಗುಡ್ಡ ಕುಸಿದು ರಸ್ತೆ ಹೋಯಿತು, ಕರೆಂಟ್ ಹೋಯಿತು, ಟವರ್ ಹೋಯಿತು. ಅಂಥ ದಿನಗಳಲ್ಲಿ ಕೇಳೋಕೆ ಹೋದ ಸಾಫ್ಟ್‌ವೇರ್ ಉತ್ತರ ಇಲ್ಲದೆ ವಾಪಸ್ ಬರುತ್ತೆ. ಉತ್ತರ ಸಿಗದಿದ್ದಕ್ಕೂ ‘ಕಟ್ಟಿಲ್ಲ’ ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ, ಆದ್ರೆ ಕೆಲವು ಸಾಫ್ಟ್‌ವೇರ್‌ಗಳು ಎರಡಕ್ಕೂ ಒಂದೇ ಪರದೆ ತೋರಿಸ್ತವೆ. ಮಳೆಗಾಲದ ಮೊದಲು, ತೋಟದ ಲೆಕ್ಕವೋ ಅಂಗಡಿಯ ಲೆಕ್ಕವೋ ಚಂದಾದ ಸಾಫ್ಟ್‌ವೇರಿನಲ್ಲಿದ್ದರೆ ಎರಡು ಕೆಲಸ ಮಾಡಿ. ಅದು ಎಷ್ಟು ದಿನ ನೆಟ್ ಇಲ್ಲದೆ ನಡೆಯುತ್ತೆ ಅಂತ ಕೇಳಿ ತಿಳ್ಕೊಳ್ಳಿ. ಲೆಕ್ಕದ ಒಂದು ಪ್ರತಿಯನ್ನ ಎಕ್ಸೆಲ್ಲಿಗೋ ಪಿಡಿಎಫಿಗೋ ತೆಗೆದು ಬೇರೆ ಕಡೆ ಇಡಿ. ಚಂದಾ ಅವರದ್ದಿರಬಹುದು, ಚೆಕ್‌ರೋಲ್ ನಿಮ್ಮದು.

ಇಷ್ಟೆಲ್ಲ ಮಾಡಿಯೂ ಆಗಲಿಲ್ಲ ಅಂದ್ರೆ ಕಂಪನಿಗೆ ಬರೀರಿ. ‘ದುಡ್ಡು ಕಟ್ಟಿದ್ದೀನಿ, ಬರ್ತಾ ಇಲ್ಲ’ ಅಂತ ಬರೆದರೆ ಅವರು ಅದೇ ಪ್ರಶ್ನೆಗಳನ್ನ ವಾಪಸ್ ಕೇಳಿ ಎರಡು ದಿನ ಕಳೀತಾರೆ. ಕಟ್ಟಿದ ತಾರೀಕು, ಮೊತ್ತ, ಯುಟಿಆರ್ ಅಥವಾ ಆರ್ಡರ್ ನಂಬರ್, ಕಟ್ಟಿದ ಖಾತೆಯ ಇಮೇಲ್, ಬಳಸೋ ಖಾತೆಯ ಇಮೇಲ್, ಐದನ್ನೂ ಮೊದಲ ಪತ್ರದಲ್ಲೇ ಕೊಡಿ. ಒಟಿಪಿ, ಪಿನ್ ಮಾತ್ರ ಯಾರಿಗೂ ಬೇಡ. ಗೂಗಲ್ಲಿನಲ್ಲಿ ಹುಡುಕಿ ಸಿಕ್ಕಿದ ಯಾವುದೋ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಬೇಡಿ, ಆ್ಯಪಿನ ಒಳಗಿರೋ ಸಹಾಯದ ದಾರಿಯಿಂದಲೇ ಹೋಗಿ. ಅವರೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915.

ನನಗೆ ಬೇಜಾರಾಗೋದು ಆ ಪರದೆಯ ಮಾತಿನ ಧಾಟಿ ನೋಡಿ. ‘ನಿಮ್ಮ ಚಂದಾ ಆ್ಯಕ್ಟಿವ್ ಆಗಿಲ್ಲ’ ಅನ್ನುತ್ತೆ, ‘ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರು ಸಿಗ್ತಾ ಇಲ್ಲ’ ಅನ್ನೋದಿಲ್ಲ. ಎರಡನೆಯದೇ ಸರಿಯಾದ ಮಾತು. ಮೊದಲನೆಯದು ಓದಿದ ತಕ್ಷಣ ತಪ್ಪು ನಮ್ಮದೇ ಇರಬೇಕು ಅನ್ಸುತ್ತೆ, ಕೆಲವರು ಸುಮ್ಮನೆ ಮತ್ತೊಂದು ಸಲ ದುಡ್ಡು ಕಟ್ಟಿಬಿಡ್ತಾರೆ. ತಾಲೂಕು ಕಚೇರಿಯ ಕಟ್ಟೆ ಮೇಲೆ ಕಂದಾಯದ ರಶೀದಿ ಹಿಡ್ಕೊಂಡು ಕಾದ ಹಿರಿಯರು ಹಾಗೆ ಮಾಡಲಿಲ್ಲ. ಪುಸ್ತಕ ತೆಗೆಸಿ ನೋಡಿಸಿದರು, ತಿದ್ದಿಸಿ ಅಂತ ಪಟ್ಟು ಹಿಡಿದರು. ನಾವೂ ಅಷ್ಟು ಮಾಡಬಹುದು.

ಇವತ್ತಿಗೆ ಇಷ್ಟು. ನಿಮ್ಮ ಊರಿನಲ್ಲೂ ಹಳೇ ಡಾಂಗಲ್ ಇಟ್ಟುಕೊಂಡಿರೋ ಡಿಟಿಪಿ ಅಂಗಡಿ ಇದ್ದರೆ, ಕೈಬರಹದ ಚೆಕ್‌ರೋಲ್ ಉಳಿಸಿಕೊಂಡಿರೋ ತೋಟ ಇದ್ದರೆ, ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.